ತಕ್ಕಡಿಯನ್ನು ತೂಗುವ ಚಿನ್ನ

ಮಂಗಳೂರಿನ ಕಡಲ ದಂಡೆಯಲ್ಲಿ ತೆರೆದ ಗಾಳಿಗೆ ಹಿಡಿದು 20.9ಕ್ಕೆ ಸರಿಹೊಂದಿಸಿದ ಆಮ್ಲಜನಕ ಮಾಪಕವೊಂದನ್ನು ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ತಂದು ಕಿಟಕಿಯ ಬಳಿ ಇಟ್ಟರೆ ಅದು 18.8ರ ಆಸುಪಾಸು ತೋರಿಸುತ್ತದೆ. ಅದನ್ನೇ ಲೇಹ್‌ಗೆ ಒಯ್ದರೆ 13.6ರ ಹತ್ತಿರಕ್ಕೆ ಇಳಿಯುತ್ತದೆ. ಮಾಪಕ ಕೆಟ್ಟಿಲ್ಲ, ಗಾಳಿಯೂ ಕೆಟ್ಟಿಲ್ಲ. ತೇವ ಕಳೆದ ಗಾಳಿಯಲ್ಲಿ ನೂರಕ್ಕೆ 20.9 ಪಾಲು ಆಮ್ಲಜನಕ ಮಂಗಳೂರಿನಲ್ಲಿ ಹೇಗೋ ಹಾಗೆಯೇ ಬೆಂಗಳೂರಿನಲ್ಲೂ ಇದೆ, ಲೇಹ್‌ನಲ್ಲೂ ಇದೆ, ಎವರೆಸ್ಟಿನ ನೆತ್ತಿಯಲ್ಲೂ ಇದೆ. ಬದಲಾದದ್ದು ಗಾಳಿಯ ಒತ್ತಡ ಮಾತ್ರ.

ಮಾಪಕದ ಒಳಗಿರುವುದು ಹೆಬ್ಬೆರಳ ಗಾತ್ರದ ಒಂದು ಕೋಶ. ಮುಂದೆ ತೆಳ್ಳನೆಯ ಪೊರೆ, ಅದರ ಹಿಂದೆ ಸಾಮಾನ್ಯವಾಗಿ ಚಿನ್ನದ ಲೇಪವಿರುವ ತಟ್ಟೆ, ಇನ್ನೊಂದು ಬದಿಗೆ ಸೀಸ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಪೊರೆ ದಾಟಿ ಬಂದ ಆಮ್ಲಜನಕ ಚಿನ್ನದ ಮೇಲೆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಅವನ್ನು ಕೊಟ್ಟ ಸೀಸ ದಿನೇ ದಿನೇ ಸವೆಯುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಕೆಲವು ಮಿಲಿವೋಲ್ಟುಗಳಷ್ಟು ವಿದ್ಯುತ್ತು ಹುಟ್ಟುತ್ತದೆ. ಗಾಳಿಯ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತಾನೊಂದೇ ಇದ್ದಂತೆ ತನ್ನ ಪಾಲಿನ ಒತ್ತಡವನ್ನು ಹೇರುತ್ತದೆ ಎಂದು ಜಾನ್ ಡಾಲ್ಟನ್ 1801ರಲ್ಲಿ ಕಂಡುಕೊಂಡ. ಆ ಪಾಲಿಗೆ ಆಂಶಿಕ ಒತ್ತಡ ಎಂದು ಹೆಸರು. ಕೋಶಕ್ಕೆ ಗೊತ್ತಾಗುವುದು ಇದೊಂದೇ. ನೂರಕ್ಕೆ ಎಷ್ಟು ಎಂಬ ಲೆಕ್ಕ ಅದಕ್ಕೆ ತಿಳಿಯದು. ಪರದೆಯ ಮೇಲೆ ಮೂಡುವ ಶೇಕಡಾವಾರು ಅಂಕಿಯ ಹಿಂದೆ ಒಂದು ನಂಬಿಕೆ ಕೂತಿದೆ: ಸರಿಹೊಂದಿಸಿದಾಗ ಇದ್ದ ಒತ್ತಡವೇ ಈಗಲೂ ಇದೆ ಎಂಬ ನಂಬಿಕೆ.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್‌ಹೋಲಿನ ಬಾಯಿಗೆ ಬಂದು ನಿಲ್ಲಬೇಕು. ಕೆಳಗಿಳಿಯುವ ಮುನ್ನ ಒಳಗಿನ ಗಾಳಿಯನ್ನು ನೋಡಲು ಬಳಸುವ ಮಾಪಕಗಳು ಸಾಮಾನ್ಯವಾಗಿ ಆಮ್ಲಜನಕ 19.5ಕ್ಕಿಂತ ಇಳಿದರೆ ಕೂಗಿಕೊಳ್ಳುತ್ತವೆ. ಪೊರೆಯ ಕೋಶವಿರುವ, ಒತ್ತಡದ ತಿದ್ದುಪಡಿ ಇಲ್ಲದ ಮಾಪಕವನ್ನು ಮಂಗಳೂರಿನಲ್ಲಿ ಸರಿಹೊಂದಿಸಿ ಬೆಂಗಳೂರಿಗೆ ತಂದರೆ ಅದು ಶುದ್ಧ ಗಾಳಿಯಲ್ಲೇ ಕೂಗುತ್ತದೆ. ಸುಮ್ಮಸುಮ್ಮನೆ ಕೂಗುವ ಯಂತ್ರದ ಬಾಯನ್ನು ಜನ ಮುಚ್ಚಿಸುತ್ತಾರೆ. ತಿರುಗುಮುರುಗು ಮಾಡಿದರೆ ಇನ್ನೂ ಭಯಂಕರ. ಬೆಂಗಳೂರಿನಲ್ಲಿ ಸರಿಹೊಂದಿಸಿ ಹಾಗೆಯೇ ಕಡಲ ಮಟ್ಟಕ್ಕೆ ಇಳಿಸಿದ ಮಾಪಕ ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿಯೇ ಏರಿಸಿ ಹೇಳುತ್ತದೆ. ಗುಂಡಿಯೊಳಗೆ ನಿಜವಾಗಿ 18 ಇದ್ದರೆ ಪರದೆಯ ಮೇಲೆ 20 ಕಾಣುತ್ತದೆ, ಯಂತ್ರ ಮೌನವಾಗಿರುತ್ತದೆ. ಒತ್ತಡದ ಏರಿಳಿತಕ್ಕೆ ಅಷ್ಟಾಗಿ ಬಗ್ಗದ, ಕೂದಲೆಳೆಯಷ್ಟು ಸಣ್ಣ ರಂಧ್ರದ ಮೂಲಕ ಗಾಳಿ ಎಳೆದುಕೊಳ್ಳುವ ಕೋಶಗಳೂ ಇವೆ. ತನ್ನ ಕೈಯಲ್ಲಿರುವುದು ಯಾವ ಬಗೆಯದು ಎಂದು ಹಗ್ಗ ಹಿಡಿದು ಮೇಲೆ ನಿಂತವನಿಗೆ ಗೊತ್ತಿರಬೇಕು, ಅಷ್ಟೇ. ಗೊತ್ತಿಲ್ಲದಿದ್ದರೆ ಅದಕ್ಕೆ ಬೆಲೆ ತೆರುವವನು ಕೆಳಗಿಳಿದವನು.

ಪರಿಹಾರ ಸುಲಭವೆಂದು ತೋರುತ್ತದೆ: ಊರಿನ ಒತ್ತಡ ತಿಳಿದು ಲೆಕ್ಕ ತಿದ್ದಿದರಾಯಿತು. ಇಲ್ಲಿಯೂ ಒಂದು ಎಡವು ಕಲ್ಲಿದೆ. ಮೊಬೈಲಿನ ಹವಾಮಾನ ಪುಟ ತೆರೆದರೆ ಬೆಂಗಳೂರಿನ ಒತ್ತಡ 1013ರ ಸುತ್ತಮುತ್ತ ಎಂದು ಕಾಣುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಆ ಊರಿನಲ್ಲಿ ನಿಜವಾಗಿ ಇರುವುದು 910 ಹೆಕ್ಟೊಪ್ಯಾಸ್ಕಲ್ಲಿನ ಆಸುಪಾಸು. ಬೇರೆಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯ ಮೇಲೆ ಹೋಲಿಸಬೇಕಾದ ಹವಾಮಾನ ತಜ್ಞರು ಎಲ್ಲ ಊರುಗಳನ್ನೂ ಕಡಲ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿರುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಆ ಅಂಕಿಯನ್ನು ನಂಬಿ ಮಾಪಕ ತಿದ್ದುವವನು ಮಾತ್ರ ಬೆಂಗಳೂರಿನಲ್ಲಿ ನಿಂತು, ಕಡಲ ಬದಿಯಲ್ಲಿದ್ದೇನೆ ಎಂದುಕೊಂಡವನಂತೆ ಕೆಲಸ ಮಾಡುತ್ತಿರುತ್ತಾನೆ. ಸುಳ್ಳು ಯಾರೂ ಹೇಳಿಲ್ಲ. ಕೇಳಿದ ಪ್ರಶ್ನೆ ಒಂದು, ಬಂದ ಉತ್ತರ ಇನ್ನೊಂದು ಪ್ರಶ್ನೆಯದು.

ಹಾಗಾದರೆ ಲೇಹ್‌ನಲ್ಲಿ 13.6 ಎಂದ ಮಾಪಕ ಹೇಳಿದ್ದು ಸುಳ್ಳೇ?

ಶೇಕಡಾವಾರು ಎಂಬ ಹೆಸರಿನಡಿ ಅದು ಸುಳ್ಳು. ಶ್ವಾಸಕೋಶವನ್ನು ಕೇಳಿದರೆ ಉತ್ತರ ಬೇರೆ. ಉಸಿರಿನ ಆಮ್ಲಜನಕ ರಕ್ತಕ್ಕೆ ದಾಟುವುದು ಆಂಶಿಕ ಒತ್ತಡದ ಬಲದಿಂದಲೇ ಹೊರತು ಶೇಕಡಾವಾರು ಲೆಕ್ಕದಿಂದಲ್ಲ. ಕಡಲ ಮಟ್ಟದಲ್ಲಿ ಆ ಒತ್ತಡ ಪಾದರಸದ 159 ಮಿಲಿಮೀಟರಿನಷ್ಟು. 1981ರ ಅಕ್ಟೋಬರಿನಲ್ಲಿ ಕ್ರಿಸ್ಟೋಫರ್ ಪಿಜ್ಜೊ ಎವರೆಸ್ಟ್ ಶಿಖರದ ಮೇಲೆ ನಿಂತು ಅಳೆದಾಗ ಇಡೀ ಗಾಳಿಯ ಒತ್ತಡವೇ 253 ಮಿಲಿಮೀಟರ್ ಇತ್ತು. ಅದರಲ್ಲಿ ಆಮ್ಲಜನಕದ ಪಾಲು 53. ಶೇಕಡಾವಾರು 20.9ರಷ್ಟೇ ಇದ್ದರೂ ಅಲ್ಲಿ ಒಂದೊಂದು ಹೆಜ್ಜೆಗೂ ಆರೋಹಿಗಳು ನಿಂತು ಏದುಸಿರು ಬಿಡುವುದು ಇದರಿಂದ. ತಿದ್ದುಪಡಿ ಮಾಡದ ಮಾಪಕ ಲೇಹ್‌ನಲ್ಲಿ 13.6 ಎಂದಾಗ ಅದು ಹೇಳುತ್ತಿದ್ದದ್ದು ದೇಹಕ್ಕೆ ಬೇಕಾದ ಸತ್ಯವನ್ನೇ: ಕಡಲ ಬದಿಯಲ್ಲಿ ನೂರಕ್ಕೆ 13.6 ಪಾಲು ಆಮ್ಲಜನಕವಿರುವ ಗಾಳಿ ಕುಡಿದರೆ ಹೇಗೋ ಇಲ್ಲಿ ಹಾಗೆ. ಅದನ್ನು ಅಲ್ಲಿ 20.9ಕ್ಕೆ ಏರಿಸಿದ ಕೂಡಲೇ ಹೆಸರು ಸರಿಯಾಗುತ್ತದೆ, ಆ ಸುದ್ದಿ ಮಾತ್ರ ಮರೆಯಾಗುತ್ತದೆ. ಸಿಲಿಂಡರಿನಲ್ಲಿ ಎಷ್ಟು ಪಾಲು ಬೆರೆತಿದೆ ಎಂದು ತಿಳಿಯಬೇಕಾದವನಿಗೆ ಈ ತಿದ್ದುಪಡಿ ಬೇಕೇ ಬೇಕು. ರೋಗಿಗೆ ಎಷ್ಟು ತಲುಪುತ್ತಿದೆ ಎಂದು ತಿಳಿಯಬೇಕಾದವರು ಆ ತಿದ್ದಿದ ಅಂಕಿಯನ್ನು ಮತ್ತೆ ಒತ್ತಡದಿಂದ ಗುಣಿಸಿಕೊಳ್ಳಬೇಕು.

ಒಂದೇ ಅಂಕಿ ಎರಡು ಒತ್ತಡಗಳಲ್ಲಿ ಎಷ್ಟು ಬೇರೆಯಾಗಬಲ್ಲದು ಎಂಬುದನ್ನು 1967ರ ಜನವರಿ 27 ತೋರಿಸಿಕೊಟ್ಟಿತು. ಅಪೊಲೊ ನೌಕೆಯ ಕೋಣೆಯನ್ನು ಬಾಹ್ಯಾಕಾಶದಲ್ಲಿ ನೂರಕ್ಕೆ ನೂರು ಆಮ್ಲಜನಕದಿಂದ ತುಂಬುವುದು ಯೋಜನೆಯಾಗಿತ್ತು. ಅಲ್ಲಿ ಕೋಣೆಯ ಒತ್ತಡ ಕಡಲ ಮಟ್ಟದ ಮೂರನೇ ಒಂದು ಭಾಗ ಮಾತ್ರ ಇರುವುದರಿಂದ ಉಸಿರಾಟಕ್ಕೆ ಅದು ತಕ್ಕುದಾಗಿತ್ತು. ಆ ದಿನ ಕೇಪ್ ಕೆನೆಡಿಯಲ್ಲಿ ನೆಲದ ಮೇಲೆ ತಾಲೀಮು ನಡೆದಿತ್ತು. ಕೋಣೆಯಲ್ಲಿ ಅದೇ ನೂರಕ್ಕೆ ನೂರು, ಒತ್ತಡ ಮಾತ್ರ ಹೊರಗಿನ ಗಾಳಿಗಿಂತ ತುಸು ಹೆಚ್ಚು. ಕಿಡಿ ಹಾರಿದ ಮೇಲೆ ಬೆಂಕಿಗೆ ತಡೆಯೇ ಇರಲಿಲ್ಲ. ಗಗನಯಾತ್ರಿಗಳಾದ ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಮೂವರೂ ಒಳಗೇ ತೀರಿಕೊಂಡರು. ಶೇಕಡಾ ನೂರು ಎಂಬ ಮಾತು ಎರಡೂ ಕಡೆ ನಿಜ. ಜೀವ ಉಳಿಸುವ ನೂರು ಯಾವುದು, ಸುಡುವ ನೂರು ಯಾವುದು ಎಂಬುದನ್ನು ಆ ಮಾತು ತಾನಾಗಿ ಹೇಳಲಾರದು.

ಜೈನ ತಾರ್ಕಿಕರು ಪ್ರತಿಯೊಂದು ಹೇಳಿಕೆಗೂ ಮುಂದೆ ‘ಸ್ಯಾತ್’ ಎಂಬ ಪದವನ್ನು ಇಡಬೇಕೆಂದು ಪಟ್ಟು ಹಿಡಿದದ್ದು ಇಂಥ ಕಡೆ ನೆನಪಾಗುತ್ತದೆ. ಅದನ್ನು ‘ಇರಬಹುದು’ ಎಂಬ ಅನುಮಾನದ ಮಾತೆಂದು ತಿಳಿದವರು ಬಹಳ. ಸ್ಯಾದ್ವಾದಿಗಳಿಗೆ ಅದು ಅನುಮಾನವಲ್ಲ, ಕರಾರು: ಯಾವ ಕಡೆಯಿಂದ ನೋಡಿ, ಯಾವ ಸ್ಥಿತಿಯಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದನ್ನು ಮಾತಿನೊಳಗೇ ಕಟ್ಟಿಕೊಡುವುದು. ಕರಾರು ಹೇಳದ ಮಾತು ಪೂರ್ತಿ ಸುಳ್ಳಲ್ಲ. ಒಂದು ಬದಿಯ ನೋಟ ತಾನೇ ಇಡೀ ನೋಟವೆಂದು ಹೇಳಿಕೊಂಡಾಗ ಅದು ಸುಳ್ಳಾಗುತ್ತದೆ. ಒತ್ತಡ ಬರೆಯದ ಆಮ್ಲಜನಕದ ಅಂಕಿಗೆ ಈ ವಿವರಣೆ ಅಕ್ಷರಶಃ ಹೊಂದುತ್ತದೆ.

ಇಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಒತ್ತಡವನ್ನು ಅಳೆಯಲು ಇನ್ನೊಂದು ಮಾಪಕ ಬೇಕು. ಆ ಮಾಪಕ ಸರಿಯಿದೆ ಎನ್ನುವವರು ಯಾರು? ಅದನ್ನು ಪರೀಕ್ಷಿಸುವ ಮತ್ತೊಂದು ಬೇಕು, ಅದಕ್ಕೆ ಮಗದೊಂದು. ಎರಡನೇ ಶತಮಾನದ ಸುಮಾರಿಗೆ ಬೌದ್ಧ ದಾರ್ಶನಿಕ ನಾಗಾರ್ಜುನ ‘ವಿಗ್ರಹವ್ಯಾವರ್ತನೀ’ಯಲ್ಲಿ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರನ್ನು ಕಟ್ಟಿಹಾಕಿದ್ದು ಇದೇ ಹಗ್ಗದಿಂದ. ಎಲ್ಲವೂ ಪ್ರಮಾಣದಿಂದ, ಅಂದರೆ ಸರಿಯಾಗಿ ಅರಿಯುವ ಸಾಧನದಿಂದ, ಸಿದ್ಧವಾಗಬೇಕೆಂದರೆ ಪ್ರಮಾಣ ಯಾವುದರಿಂದ ಸಿದ್ಧ? ಬೇರೆ ಪ್ರಮಾಣದಿಂದ ಎಂದರೆ ಕೊನೆಯೇ ಇಲ್ಲ, ಅದು ಅನವಸ್ಥೆ. ತಾನಾಗಿಯೇ ಎಂದರೆ, ಉಳಿದವಕ್ಕೆ ಇಲ್ಲದ ಆ ಹೆಚ್ಚುಗಾರಿಕೆ ಅದಕ್ಕೆ ಮಾತ್ರ ಏಕೆ?

ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಕೊಟ್ಟ ಉತ್ತರ ಸಂತೆಯಿಂದ ಎದ್ದು ಬಂದದ್ದು. ತಕ್ಕಡಿಯೇ ಆ ಉತ್ತರ. ಭಾಷ್ಯಕಾರ ವಾತ್ಸ್ಯಾಯನ ಅದನ್ನು ಬಿಡಿಸಿ ಹೇಳುತ್ತಾನೆ: ತಕ್ಕಡಿಯಲ್ಲಿಟ್ಟು ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ, ಚಿನ್ನ ಪ್ರಮೇಯ. ತೂಕ ಗೊತ್ತಿರುವ ಚಿನ್ನವನ್ನಿಟ್ಟು ಇನ್ನೊಂದು ತಕ್ಕಡಿಯನ್ನು ಪರೀಕ್ಷಿಸುವಾಗ ಚಿನ್ನ ಪ್ರಮಾಣ, ತಕ್ಕಡಿ ಪ್ರಮೇಯ. ಅಳೆಯುವುದು, ಅಳತೆಗೆ ಒಳಗಾಗುವುದು ವಸ್ತುಗಳಿಗೆ ಹುಟ್ಟಿನಿಂದ ಅಂಟಿದ ಜಾತಿಗಳಲ್ಲ, ಹೊತ್ತಿಗೆ ತಕ್ಕಂತೆ ಹೊರುವ ಕೆಲಸಗಳು. ಆಮ್ಲಜನಕ ಮಾಪಕ ಸಿಲಿಂಡರನ್ನು ಅಳೆಯುವ ಮುನ್ನ ತೆರೆದ ಗಾಳಿ ಆ ಮಾಪಕವನ್ನು ಅಳೆಯುತ್ತದೆ. ಎರಡು ಸಾವಿರ ವರ್ಷಕ್ಕೆ ಹತ್ತಿರ ಬಂದ ಈ ದೃಷ್ಟಾಂತಕ್ಕಿಂತ ಒಳ್ಳೆಯ ವಿವರಣೆ ಕ್ಯಾಲಿಬ್ರೇಷನ್ ಕೈಪಿಡಿಗಳಲ್ಲಿ ಸಿಗುವುದು ಕಷ್ಟ.

ಯುರೋಪಿನಲ್ಲಿ ಈ ಬುದ್ಧಿಯ ಅತಿ ಚೆಲುವಾದ ಪ್ರಯೋಗ ನಡೆದದ್ದು ಒಂದು ಮಠದ ತೋಟದಲ್ಲಿ. ನಾವೆಲ್ಲ ಗಾಳಿಯ ಕಡಲ ತಳದಲ್ಲಿ ಬದುಕಿದ್ದೇವೆ ಎಂದು ಟೊರಿಚೆಲ್ಲಿ 1644ರಲ್ಲಿ ಗೆಳೆಯನಿಗೆ ಬರೆದಿದ್ದ. ಹಾಗಿದ್ದರೆ ಬೆಟ್ಟ ಹತ್ತಿದಂತೆ ಗಾಳಿಯ ಭಾರ ಇಳಿಯಬೇಕಲ್ಲವೇ ಎಂದು ಬ್ಲೇಸ್ ಪ್ಯಾಸ್ಕಲ್ ಯೋಚಿಸಿದ. ಆರೋಗ್ಯ ಸರಿಯಿಲ್ಲದ ಅವನು ಪ್ಯಾರಿಸ್ಸಿನಲ್ಲಿ ಉಳಿದು, ಅಕ್ಕನ ಗಂಡ ಫ್ಲೋರಿನ್ ಪೆರಿಯೆಗೆ ಕೆಲಸ ವಹಿಸಿದ. 1648ರ ಸೆಪ್ಟೆಂಬರ್ 19ರ ಬೆಳಿಗ್ಗೆ ಕ್ಲೆರ್ಮೋಂ ಊರಿನ ಅತಿ ತಗ್ಗಿನ ಜಾಗವಾದ ಮಿನಿಮ್ ಸಂನ್ಯಾಸಿಗಳ ತೋಟದಲ್ಲಿ ಪೆರಿಯೆ ಎರಡು ಗಾಜಿನ ಕೊಳವೆಗಳಿಗೆ ಪಾದರಸ ತುಂಬಿ ನಿಲ್ಲಿಸಿ ಎರಡರಲ್ಲೂ ಒಂದೇ ಎತ್ತರವಿದೆ ಎಂದು ನೋಡಿಕೊಂಡ. ಒಂದನ್ನು ಅಲ್ಲೇ ಬಿಟ್ಟು, ದಿನವಿಡೀ ಅದನ್ನು ಗಮನಿಸುತ್ತಿರಲು ಷಾಸ್ತ್ಯಾಂ ಎಂಬ ಸಂನ್ಯಾಸಿಯನ್ನು ಕೇಳಿಕೊಂಡ. ಇನ್ನೊಂದನ್ನು ಹೊತ್ತು ಪ್ಯೂಯ್ ದ ಡೋಮ್ ಬೆಟ್ಟ ಹತ್ತಿದ. ನೆತ್ತಿಯಲ್ಲಿ ಪಾದರಸ ಮೂರು ಅಂಗುಲಕ್ಕೂ ತುಸು ಹೆಚ್ಚು ಇಳಿದಿತ್ತು. ಅವನು ಅಲ್ಲಿ ಒಂದೇ ಸಲ ಅಳೆದು ತೃಪ್ತಿಪಡಲಿಲ್ಲ. ಬಯಲಿನಲ್ಲಿ, ಗುಡಿಯ ಮರೆಯಲ್ಲಿ, ಗಾಳಿ ಬೀಸುವಾಗ, ಮಂಜು ಕವಿದಾಗ ಮತ್ತೆ ಮತ್ತೆ ನೋಡಿದ. ಸಂಜೆ ತೋಟಕ್ಕೆ ಮರಳಿದಾಗ ಎರಡು ಕೊಳವೆಗಳೂ ಮತ್ತೆ ಒಂದೇ ಮಟ್ಟದಲ್ಲಿದ್ದವು. ಇಡೀ ದಿನ ಪಾದರಸ ಅಲುಗಲಿಲ್ಲ ಎಂದು ಸಂನ್ಯಾಸಿ ತಿಳಿಸಿದರು.

ಬೆಟ್ಟ ಹತ್ತಿದ ಪೆರಿಯೆಯನ್ನು ಇತಿಹಾಸ ಹೊಗಳುತ್ತದೆ. ತೋಟದಲ್ಲಿ ಕೂತ ಸಂನ್ಯಾಸಿಯ ಕೆಲಸ ಅದಕ್ಕೆ ಸಮ ಎಂದು ಹೇಳಲೇಬೇಕು. ಕೆಳಗೆ ಉಳಿದ ಕೊಳವೆಯ ಸಾಕ್ಷಿ ಇಲ್ಲದಿದ್ದರೆ, ಆ ದಿನದ ಹವಾಮಾನವೇ ಬದಲಾಗಿ ಪಾದರಸ ಇಳಿದಿರಬಹುದು ಎಂಬ ಮಾತಿಗೆ ಉತ್ತರವಿರುತ್ತಿರಲಿಲ್ಲ.

ಒಂದನ್ನು ಇನ್ನೊಂದರಿಂದ ಪರೀಕ್ಷಿಸುವ ನೈಯಾಯಿಕರ ಈ ದಾರಿಗೆ ಪರತಃಪ್ರಾಮಾಣ್ಯ ಎಂದು ಹೆಸರು: ಅರಿವು ಸರಿ ಎಂಬುದು ಅರಿವಿನ ಹೊರಗಿನಿಂದ ತಿಳಿಯಬೇಕು. ಮೀಮಾಂಸಕರಿಗೆ ಇದು ಒಪ್ಪಿಗೆಯಿಲ್ಲ. ಹುಟ್ಟಿದ ಅರಿವು ತಾನಾಗಿಯೇ ಸರಿ, ತಪ್ಪೆಂದು ತೋರಿಸುವ ಇನ್ನೊಂದು ಬರುವವರೆಗೆ ಅದನ್ನು ನಂಬಿ ನಡೆಯುವುದೇ ಬದುಕು ಎಂಬುದು ಕುಮಾರಿಲ ಭಟ್ಟನ ವಾದ, ಅದಕ್ಕೆ ಸ್ವತಃಪ್ರಾಮಾಣ್ಯ ಎಂದು ಹೆಸರು. ಹೊರಗಿನ ಆಸರೆ ಹುಡುಕುತ್ತ ಹೋದರೆ ಯಾರೂ ಒಂದು ಹೆಜ್ಜೆಯನ್ನೂ ಇಡಲಾಗದು ಎಂಬ ಅವನ ಮಾತಿನಲ್ಲಿ ಹುರುಳಿದೆ. ಸಂಶಯ ಬಂದರೂ ಮೂರು ನಾಲ್ಕು ಅರಿವುಗಳಿಗಿಂತ ಹೆಚ್ಚು ಬೇಕಾಗದು ಎಂದು ‘ಶ್ಲೋಕವಾರ್ತಿಕ’ದಲ್ಲಿ ಅವನು ಲೆಕ್ಕವನ್ನೂ ಕೊಡುತ್ತಾನೆ.

ಈ ಲೆಕ್ಕವನ್ನು ಇಂದು ನೀರಿನಡಿಯಲ್ಲಿ ಜೀವ ಪಣಕ್ಕಿಟ್ಟು ಪರೀಕ್ಷಿಸುವವರಿದ್ದಾರೆ. ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಒಳಗೆಳೆದುಕೊಳ್ಳುವ ರೀಬ್ರೀದರ್ ಹೊತ್ತು ಆಳಕ್ಕಿಳಿಯುವ ಡೈವರುಗಳ ಯಂತ್ರದಲ್ಲಿ ಸಾಮಾನ್ಯವಾಗಿ ಮೂರು ಆಮ್ಲಜನಕ ಕೋಶಗಳಿರುತ್ತವೆ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಯಂತ್ರ ಅದನ್ನು ನಂಬಿ ಮೂರನೆಯದನ್ನು ಬದಿಗಿಡುತ್ತದೆ. ಬುದ್ಧಿವಂತ ಏರ್ಪಾಡು. ಆದರೆ ಸೀಸ ಸವೆದ ಕೋಶಕ್ಕೆ ಒಂದು ಕೆಟ್ಟ ಗುಣವಿದೆ. ಮೇಲೆ ದಡದಲ್ಲಿ, ಸಾಮಾನ್ಯ ಗಾಳಿಯಲ್ಲಿ, ಅದು ಹೊಸದರಂತೆಯೇ ಸರಿಯಾಗಿ ಓದುತ್ತದೆ. ಆಳದಲ್ಲಿ ಆಮ್ಲಜನಕದ ಒತ್ತಡ ಏರಿದಾಗ ಒಂದು ಮಿತಿಗಿಂತ ಮೇಲೇರಲು ಅದಕ್ಕೆ ತ್ರಾಣವಿರುವುದಿಲ್ಲ. ಒಂದೇ ದಿನ ಕೊಂಡ, ಒಂದೇ ತೇವದಲ್ಲಿ ಹಳತಾದ ಎರಡು ಕೋಶಗಳು ಒಟ್ಟಿಗೆ ಸೋಲುತ್ತವೆ. ಸರಿಯಾಗಿ ಹೇಳುತ್ತಿರುವ ಮೂರನೆಯ ಕೋಶ ಬಹುಮತದಿಂದ ಹೊರಗೆ ಬೀಳುತ್ತದೆ. ಆಮ್ಲಜನಕ ಕಡಿಮೆಯಾಗಿದೆ ಎಂದುಕೊಂಡ ಯಂತ್ರ ಇನ್ನಷ್ಟು ಸುರಿಯುತ್ತದೆ. ಅತಿಯಾದ ಆಮ್ಲಜನಕ ನೀರಿನಡಿ ಮೈಗೆ ಸೆಳವು ತರಿಸುತ್ತದೆ, ಬಾಯಿಯ ನಳಿಗೆ ಕಳಚುತ್ತದೆ.

ಮೂರು ಸಾಕ್ಷಿಗಳು ಒಂದೇ ಮನೆಯಿಂದ ಬಂದಿದ್ದರೆ ಅವು ನಿಜವಾಗಿ ಮೂರಲ್ಲ. ಕುಮಾರಿಲನ ಎಣಿಕೆಯಲ್ಲಿ ಕೊರತೆಯಿದ್ದರೆ ಅದು ಇಲ್ಲಿ. ಅನುಭವಸ್ಥ ಡೈವರುಗಳು ಹಾಗಾಗಿ ಇನ್ನೊಂದು ಕ್ರಮ ಇಟ್ಟುಕೊಂಡಿದ್ದಾರೆ. ಆರು ಮೀಟರ್ ಆಳದಲ್ಲಿ ಒಟ್ಟು ಒತ್ತಡ 1.6 ಬಾರ್. ಅಲ್ಲಿ ನಿಂತು ಯಂತ್ರದೊಳಗೆ ಶುದ್ಧ ಆಮ್ಲಜನಕ ಹರಿಸಿದರೆ ಕೋಶ 1.6ರವರೆಗೆ ಏರಬೇಕು. ಏರದೆ 1.3ರಲ್ಲೇ ನಿಂತರೆ, ದಡದಲ್ಲಿ ಎಷ್ಟು ಚೆನ್ನಾಗಿ ಉತ್ತರ ಕೊಟ್ಟಿದ್ದರೂ ಆ ಕೋಶ ನಂಬಿಕೆಗೆ ಅರ್ಹವಲ್ಲ. ಯಾವ ಒತ್ತಡದಲ್ಲಿ ಅದರ ಮಾತನ್ನು ನಂಬಬೇಕಾಗಿದೆಯೋ ಆ ಒತ್ತಡದಲ್ಲೇ ಪರೀಕ್ಷೆ.

ಈ ಕ್ರಮಕ್ಕೆ ಶಾಸ್ತ್ರದಲ್ಲಿ ಹೆಸರು ಹುಡುಕಿದರೆ ಸಿಗುವುದು ನೈಯಾಯಿಕರಲ್ಲಿ ಅಲ್ಲ, ಮೀಮಾಂಸಕರಲ್ಲೂ ಅಲ್ಲ. ಮಾಣಿಕ್ಯನಂದಿ ಎಂಬ ದಿಗಂಬರ ಆಚಾರ್ಯ ‘ಪರೀಕ್ಷಾಮುಖ’ ಎಂಬ ಪುಟ್ಟ ಸೂತ್ರಗ್ರಂಥದಲ್ಲಿ ಎರಡೂ ಪಕ್ಷಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದ. ಪ್ರಾಮಾಣ್ಯ ಸ್ವತಃ ಕೂಡ ಹೌದು, ಪರತಃ ಕೂಡ ಹೌದು. ಅಭ್ಯಾಸವಾದ, ಅಂದರೆ ಪರಿಚಯವಿರುವ ಸ್ಥಿತಿಯಲ್ಲಿ ಅರಿವು ತನ್ನ ಬಲದಿಂದಲೇ ನಿಲ್ಲುತ್ತದೆ. ಪರಿಚಯವಿಲ್ಲದ ಸ್ಥಿತಿಯಲ್ಲಿ ಹೊರಗಿನ ಆಸರೆ ಬೇಕು. ತನ್ನ ಊರಿನ ಕೆರೆಯ ಹಾದಿಯಲ್ಲಿ ನಡೆಯುವವನು ನೀರಿದೆಯೋ ಇಲ್ಲವೋ ಎಂದು ಸಂಶಯಿಸುವುದಿಲ್ಲ. ಕಾಣದ ಊರಿನಲ್ಲಿ ದೂರದ ಹೊಳಪು ಕಂಡವನು ಕಪ್ಪೆಯ ದನಿ ಕೇಳುತ್ತದೆಯೇ, ತಣ್ಣನೆ ಗಾಳಿ ಬರುತ್ತದೆಯೇ ಎಂದು ನೋಡುತ್ತಾನೆ. ಎರಡು ಮತಗಳ ನಡುವೆ ರಾಜಿ ಮಾಡಿಸಲು ಹೇಳಿದ ಮಾತಲ್ಲ ಇದು, ಬದುಕು ನಿಜವಾಗಿ ನಡೆಯುವ ರೀತಿಯೇ ಇದು. ಮಂಗಳೂರಿನಲ್ಲೇ ಸರಿಹೊಂದಿ ಮಂಗಳೂರಿನಲ್ಲೇ ದುಡಿಯುವ ಮಾಪಕವನ್ನು ಗಳಿಗೆಗೊಮ್ಮೆ ಅನುಮಾನಿಸಬೇಕಿಲ್ಲ. ಘಾಟಿ ಹತ್ತಿದ ಮೇಲೆ ಅದು ಅಪರಿಚಿತ.

ಕಷ್ಟವಿರುವುದು ಘಾಟಿ ಹತ್ತಿದ್ದು ಗೊತ್ತಾಗದಿದ್ದಾಗ.

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ ಜೆನಿತ್ ಎಂಬ ಬಲೂನು ಏರಿತು. ಒಳಗೆ ಗ್ಯಾಸ್ಟನ್ ತಿಸ್ಸಾಂದಿಯೆ, ಜೋಸೆಫ್ ಕ್ರೋಸೆ ಸ್ಪಿನೆಲ್ಲಿ, ತಿಯೋದೋರ್ ಸಿವೆಲ್. ಎತ್ತರದಲ್ಲಿ ಮನುಷ್ಯನನ್ನು ಕಾಡುವುದು ಆಮ್ಲಜನಕದ ಆಂಶಿಕ ಒತ್ತಡ ಇಳಿಯುವುದೇ ಎಂದು ತೋರಿಸಿದ ಪಾಲ್ ಬೆರ್ ಅವರಿಗೆ ಗುರುಸಮಾನ. ಅವನ ಮಾತಿನಂತೆ ಆಮ್ಲಜನಕ ಹೆಚ್ಚಿಸಿದ ಗಾಳಿ ತುಂಬಿದ ಚೀಲಗಳನ್ನು ಬುಟ್ಟಿಯ ಮೇಲೆ ಕಟ್ಟಿಕೊಂಡಿದ್ದರು. ಒಯ್ಯುತ್ತಿರುವುದು ಸಾಲದು ಎಂದು ಬೆರ್ ಬರೆದ ಕಾಗದ ಹೊತ್ತಿಗೆ ತಲುಪಲಿಲ್ಲ. ಇದ್ದಷ್ಟನ್ನು ತೀರ ಅಗತ್ಯ ಬಿದ್ದಾಗ ಬಳಸೋಣ ಎಂದು ಅವರು ಕಾದರು. ಅಗತ್ಯ ಬಿದ್ದಾಗ ಕೈ ಎತ್ತಲಾಗಲಿಲ್ಲ. ಬದುಕಿ ಬಂದ ತಿಸ್ಸಾಂದಿಯೆ ಆಮೇಲೆ ಬರೆದದ್ದನ್ನು ಓದಿದರೆ ಮೈ ನಡುಗುತ್ತದೆ: ನೋವಿರಲಿಲ್ಲ, ಭಯವಿರಲಿಲ್ಲ, ಬೆಳಕಿನ ಹೊಳೆಯಲ್ಲಿ ತೇಲುವಂಥ ಒಳಗಿನ ಸಂತೋಷವಿತ್ತು. ಉಳಿದಿಬ್ಬರು ಬುಟ್ಟಿಯಲ್ಲೇ ಸತ್ತಿದ್ದರು.

ಆಮ್ಲಜನಕ ಇಳಿದಾಗ ಮೊದಲು ಮಂಕಾಗುವುದು ಆಮ್ಲಜನಕ ಇಳಿದಿದೆ ಎಂದು ತೀರ್ಮಾನಿಸಬೇಕಾದ ಬುದ್ಧಿ. ಅಳೆಯುವವನೇ ಒತ್ತಡಕ್ಕೆ ಸಿಕ್ಕಿದ ಮಾಪಕ. ‘ನನಗೇನೂ ಆಗಿಲ್ಲ’ ಎಂಬ ಅರಿವು ಅಲ್ಲಿ ಪೂರ್ತಿ ಖಚಿತವಾಗಿ, ಪೂರ್ತಿ ತಪ್ಪಾಗಿ ಹುಟ್ಟುತ್ತದೆ. ಇದಕ್ಕಿಂತ ಬಲವಾದ ಆಕ್ಷೇಪ ಸ್ವತಃಪ್ರಾಮಾಣ್ಯದ ಮೇಲೆ ಬೇರೆ ಇರಲಾರದು.

ಉಡುಪಿಯ ಮಧ್ವಾಚಾರ್ಯರ ಪರಂಪರೆಯಲ್ಲಿ ಈ ಆಕ್ಷೇಪಕ್ಕೆ ಗಟ್ಟಿಯಾದ ಉತ್ತರವೊಂದಿದೆ. ಮಧ್ವರ ಪ್ರಕಾರ ಅರಿವಿನ ಸತ್ಯವನ್ನು ಕೊನೆಗೆ ಹಿಡಿಯುವುದು ಸಾಕ್ಷಿ. ಸಾಕ್ಷಿ ಎಂದರೆ ಮನಸ್ಸಲ್ಲ. ಆತ್ಮದ ಸ್ವರೂಪವೇ ಆದ ಇಂದ್ರಿಯ, ಅದು ತಪ್ಪುವುದಿಲ್ಲ. ತಪ್ಪುವುದು ಮನಸ್ಸು. ಸುಖ, ದುಃಖ, ಕಾಲ, ದಿಕ್ಕು ಇವು ನೇರವಾಗಿ ಸಾಕ್ಷಿಗೆ ಕಾಣುವಂಥವು. ಜಯತೀರ್ಥರು, ವ್ಯಾಸತೀರ್ಥರು ಇದನ್ನು ಇನ್ನಷ್ಟು ಹದಗೊಳಿಸಿದರು: ಸಂಶಯವಿರುವಲ್ಲಿ ಸಾಕ್ಷಿ ಪರೀಕ್ಷೆಯ ನೆರವು ಪಡೆದು ನಿರ್ಣಯಿಸುತ್ತದೆ, ಪರೀಕ್ಷೆ ಅಡ್ಡಿಗಳನ್ನು ಕಳೆಯುತ್ತದೆ. ಈ ಕಣ್ಣಿನಿಂದ ನೋಡಿದರೆ ತಿಸ್ಸಾಂದಿಯೆಗೆ ಆದ ಸಂತೋಷ ಸುಳ್ಳಲ್ಲ. ಸಂತೋಷವಾಗುತ್ತಿದೆ ಎಂದು ಕಂಡ ಸಾಕ್ಷಿ ಕಂಡದ್ದನ್ನೇ ಹೇಳಿತು. ‘ಆದ್ದರಿಂದ ಕ್ಷೇಮವಾಗಿದ್ದೇನೆ’ ಎಂದು ಹೆಜ್ಜೆ ಮುಂದಿಟ್ಟದ್ದು ಮನಸ್ಸು. ಕೋಶ ಮಿಲಿವೋಲ್ಟನ್ನು ಸರಿಯಾಗಿಯೇ ಕೊಡುತ್ತದೆ, ಅದನ್ನು ಶೇಕಡಾವಾರು ಮಾಡುವಲ್ಲಿ ಎಡವುವುದು ನಂಬಿಕೆ ಎಂಬ ಮಾತಿಗೆ ಇದು ಎಷ್ಟು ಹತ್ತಿರ! ಮಂಕಾದ ಮನಸ್ಸಿಗೆ ಪರೀಕ್ಷೆ ಬೇಕೆಂದೇ ತೋಚದಿದ್ದರೆ ಏನು ಗತಿ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅದಕ್ಕೆ ಬೆಟ್ಟ ಹತ್ತುವ ಮುನ್ನವೇ, ಬುದ್ಧಿ ತಿಳಿಯಾಗಿರುವಾಗಲೇ, ಇಷ್ಟು ಎತ್ತರಕ್ಕೆ ಬಂದರೆ ಹೇಗೆ ಅನಿಸಿದರೂ ಮುಖವಾಡ ಹಾಕಿಕೊಳ್ಳುವುದು ಎಂದು ನಿಯಮ ಮಾಡಿಕೊಳ್ಳಬೇಕು. ವಿಮಾನ ಚಾಲಕರು ಇಂದು ಅದನ್ನೇ ಮಾಡುತ್ತಾರೆ. ವ್ರತ ಹಿಡಿಯುವವರು ಬಹಳ ಹಿಂದಿನಿಂದಲೂ ಮಾಡುತ್ತ ಬಂದದ್ದು ಇದನ್ನೇ.

ಪರೀಕ್ಷೆ ಎಲ್ಲಿಗೆ ನಿಲ್ಲಬೇಕು? ಕೆಲಸ ಫಲಿಸಿದಲ್ಲಿಗೆ, ಎನ್ನುತ್ತಾನೆ ವಾತ್ಸ್ಯಾಯನ. ನೀರೆಂದು ತಿಳಿದು ಹೋದವನ ಬಾಯಾರಿಕೆ ತೀರಿದರೆ ಆ ತಿಳಿವು ಸರಿ. ಬಹುಪಾಲು ಬದುಕಿಗೆ ಈ ಒರೆಗಲ್ಲು ಸಾಕು. ಸಾಲದ ಕಡೆಗಳೂ ಇವೆ, ಅವುಗಳಲ್ಲಿ ಒಂದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. 1940ರ ದಶಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಧಾರಾಳವಾಗಿ ಆಮ್ಲಜನಕ ಕೊಡತೊಡಗಿದರು. ಉಸಿರು ಹದಕ್ಕೆ ಬಂತು, ಮೈ ಕೆಂಪಾಯಿತು, ಕೂಸು ಉಳಿಯಿತು. ಕೆಲಸ ಫಲಿಸಿತು ಎಂದೇ ಎಲ್ಲರೂ ತಿಳಿದರು. ತಿಂಗಳುಗಳ ನಂತರ ಆ ಕೂಸುಗಳಿಗೆ ಕಣ್ಣು ಕಾಣುತ್ತಿಲ್ಲ ಎಂದು ಗೊತ್ತಾಯಿತು. ಬಾಸ್ಟನ್ನಿನ ಥಿಯೋಡೋರ್ ಟೆರಿ 1942ರಲ್ಲಿ ಈ ರೋಗವನ್ನು ದಾಖಲಿಸಿದರು. ಆಮ್ಲಜನಕದ ಮೇಲೆ ಸಂಶಯವನ್ನು ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಬರೆದರು. 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಕೂಡಿ ಪರೀಕ್ಷೆ ಆರಂಭಿಸಿ ಅದನ್ನು ಖಚಿತಪಡಿಸುವ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಕುರುಡಾಗಿದ್ದರು. ಮುಂದೆ ಹೆದರಿ ಆಮ್ಲಜನಕವನ್ನು ಬಿಗಿಹಿಡಿದಾಗ ಉಸಿರು ಸಾಲದೆ ಸತ್ತ ಕೂಸುಗಳೂ ಇದ್ದವು. ಫಲ ಒಂದೇ ದಿನ ಕಾಣಿಸಿಕೊಳ್ಳುವುದಿಲ್ಲ, ಒಂದೇ ಮುಖದಲ್ಲೂ ಬರುವುದಿಲ್ಲ. ಕೂಸು ಕೆಂಪಗಾದದ್ದನ್ನು ಫಲವೆಂದು ಒಪ್ಪಿದವರು ಕರುಣಾಳುಗಳೇ. ಅವರಿಗೆ ಬೇಕಿದ್ದದ್ದು ರಕ್ತದೊಳಗಿನ ಆಮ್ಲಜನಕದ ಅಳತೆ, ಅದು ಅವರ ಕೈಯಲ್ಲಿರಲಿಲ್ಲ. ಲೈನಸ್ ಪಾಲಿಂಗ್ 1940ರಲ್ಲಿ ಜಲಾಂತರ್ಗಾಮಿಗಳಿಗಾಗಿ ಕಂಡುಹಿಡಿದ ಆಮ್ಲಜನಕ ಮಾಪಕ ಮುಂದೆ ಇನ್‌ಕ್ಯುಬೇಟರುಗಳ ಬಳಿಗೂ ಬಂತು. ಅದು ಅಳೆಯುತ್ತಿದ್ದದ್ದು ಕೂಸಿನ ಸುತ್ತಲಿನ ಗಾಳಿಯನ್ನು.

ಹೀಗೆ ನೋಡಿದರೆ ಮಾಪಕಗಳನ್ನು ತೂಗುವ ಚಿನ್ನವೆಂದು ನಾವು ಹಿಡಿದಿರುವ ತೆರೆದ ಗಾಳಿ ಕೂಡ ಅಲುಗದ ವಸ್ತುವಲ್ಲ. ಉಷ್ಣವಲಯದಲ್ಲಿ ಅದರ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುವುದು ಪ್ರತಿದಿನದ ಉಬ್ಬರವಿಳಿತ. ಕರಾವಳಿಯ ಮಳೆಗಾಲದಲ್ಲಿ ನೀರಾವಿ ನೂರರಲ್ಲಿ ಮೂರು ಪಾಲಿನಷ್ಟು ಜಾಗ ಹಿಡಿದಾಗ ಆಮ್ಲಜನಕ 20.3ರ ಹತ್ತಿರಕ್ಕೆ ಸರಿಯುತ್ತದೆ. ಆ ಒದ್ದೆ ಗಾಳಿಯಲ್ಲಿ 20.9 ಎಂದು ಸರಿಹೊಂದಿಸಿದ ಮಾಪಕಕ್ಕೆ ಒಣ ಸಿಲಿಂಡರಿನ ಶುದ್ಧ ಆಮ್ಲಜನಕ ಹಿಡಿದರೆ ಪರದೆಯ ಮೇಲೆ 103 ಬರುತ್ತದೆ, ನೂರಕ್ಕೆ ನೂರಮೂರು! ಇನ್ನು ಇಡೀ ವಾತಾವರಣದ ಆಮ್ಲಜನಕವೇ, ನಾವು ಉರಿಸುತ್ತಿರುವ ಕಲ್ಲಿದ್ದಲು ಮತ್ತು ಎಣ್ಣೆಯಿಂದಾಗಿ, ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು 4 ಭಾಗದಷ್ಟು ಇಳಿಯುತ್ತಿರುವುದನ್ನು ರಾಲ್ಫ್ ಕೀಲಿಂಗ್ ಕ್ಯಾಲಿಫೋರ್ನಿಯಾದಲ್ಲಿ ದಶಕಗಳಿಂದ ಅಳೆಯುತ್ತಿದ್ದಾರೆ. ಉಸಿರಿಗೆ ಅದರಿಂದ ಕುತ್ತಿಲ್ಲ. ನಾಗಾರ್ಜುನ ಇದ್ದಿದ್ದರೆ ಇದನ್ನು ಕೇಳಿ ತಲೆದೂಗುತ್ತಿದ್ದ. ವಾತ್ಸ್ಯಾಯನನೂ ಅಂಜುತ್ತಿರಲಿಲ್ಲ: ಚಿನ್ನ ಸವೆದರೆ ಅದನ್ನೂ ತೂಗಿದರಾಯಿತು, ತೂಗುವ ಹೊತ್ತು ಯಾವುದು ಎಂದು ಬರೆದಿಟ್ಟರಾಯಿತು.

ಕ್ರಮ ತಿಳಿದ ಆಸ್ಪತ್ರೆಗಳಲ್ಲಿ ಸರಿಹೊಂದಿಸಿದ ಮಾಪಕದ ಬೆನ್ನಿಗೆ ಒಂದು ಚೀಟಿ ಅಂಟಿಸುತ್ತಾರೆ. ದಿನಾಂಕ, ಮುಂದಿನ ಪರೀಕ್ಷೆಯ ದಿನ, ಮಾಡಿದವರ ಸಹಿ. ಇನ್ನೂ ಎಚ್ಚರಿಕೆಯುಳ್ಳವರು ಆ ಹೊತ್ತಿನ ಒತ್ತಡ, ಸೆಕೆ, ತೇವವನ್ನೂ ಬರೆಯುತ್ತಾರೆ.

ಪ್ಯಾಸ್ಕಲ್ 1662ರಲ್ಲಿ ತೀರಿಕೊಂಡ ಮೇಲೆ ಅವನ ಅಂಗಿಯ ಒಳಪದರದಲ್ಲಿ ಏನೋ ಹೊಲಿದಿರುವುದು ಸೇವಕನ ಕೈಗೆ ತಗುಲಿತು. ಬಿಚ್ಚಿದಾಗ ಮಡಿಸಿದ ತೊಗಲಿನ ಹಾಳೆ, ಅದರೊಳಗೆ ಒಂದು ಕಾಗದ. ಎಂಟು ವರ್ಷಗಳ ಹಿಂದೆ ಒಂದು ರಾತ್ರಿ ತನಗಾದ ದೇವರ ಅನುಭವವನ್ನು ಅವನು ಅದರಲ್ಲಿ ಬರೆದಿಟ್ಟಿದ್ದ. ಬದುಕಿದ್ದಾಗ ಯಾರಿಗೂ ತೋರಿಸಿದಂತಿಲ್ಲ. ಹೊಸ ಅಂಗಿ ಬಂದಾಗಲೆಲ್ಲ ಹಳೆಯದರಿಂದ ಬಿಚ್ಚಿ ಮತ್ತೆ ಹೊಲಿದುಕೊಳ್ಳುತ್ತಿದ್ದ. ಯಾವ ಸಾಕ್ಷಿಯೂ ಬೇಡದಷ್ಟು ಖಚಿತವಾದ ಅನುಭವ ಅದು ಎಂಬುದು ಆ ಬರಹದ ಉಸಿರಿನಲ್ಲೇ ಗೊತ್ತಾಗುತ್ತದೆ. ಹಾಗಿದ್ದೂ, ಪಾದರಸದ ಕೊಳವೆಯನ್ನು ಬೆಟ್ಟಕ್ಕೆ ಕಳಿಸಿದ್ದ ಆ ಮನುಷ್ಯ ದೇವರ ಮಾತಿಗೆ ಬರುವ ಮುನ್ನ ಹಾಳೆಯ ತಲೆಯಲ್ಲಿ ಬರೆದದ್ದು ಇಸವಿ 1654, ಸೋಮವಾರ, ನವೆಂಬರ್ 23, ರಾತ್ರಿ ಸುಮಾರು ಹತ್ತೂವರೆಯಿಂದ ಸುಮಾರು ಹನ್ನೆರಡೂವರೆಯವರೆಗೆ.